ಸುರುಳಿ ಬಿಡದ ದಾರ

ಎನ್ಸಿಯೊನ ಬೆರಳುಗಳು ಅವನಿಗಿಂತ ಮೊದಲೇ ಸತ್ತವು. ಹೊಟ್ಟೆಯೊಳಗಿನ ಗೆಡ್ಡೆಯನ್ನು ಕರಗಿಸುತ್ತೇವೆಂದು ಆಸ್ಪತ್ರೆಯವರು ಬೇಸಿಗೆಯೆಲ್ಲ ಹನಿಹನಿಯಾಗಿ ಇಳಿಸಿದ ಔಷಧಿ ಗೆಡ್ಡೆಯ ಕೂದಲನ್ನೂ ಕೊಂಕಿಸಲಿಲ್ಲ. ಅದರ ಬದಲು ಯಾವ ಪಾಪವನ್ನೂ ಮಾಡದ ಬೆರಳುಗಳ ತುದಿಗೆ ಹೋಗಿ ಅಲ್ಲಿದ್ದ ಜೀವವನ್ನೆಲ್ಲ ಹೀರಿಬಿಟ್ಟಿತು. ಅಂಗಿಯ ಗುಂಡಿ ಕೈಗೆ ಸಿಗದು. ಕುದಿಯುವ ಕಾಫಿಯ ಲೋಟವನ್ನು ಹಿಡಿದು, ಚರ್ಮ ಬೆಂದು ಕೆಂಪಾದರೂ, ಹವಾಮಾನದ ಮಾತಾಡುತ್ತ ಕೂತಿರುವನು. ಹೆಂಡತಿ ಹಿಲ್ಮಾ ಓಡಿಬಂದು ಲೋಟ ಕಿತ್ತುಕೊಳ್ಳಬೇಕು.

ಇನ್ನು ಔಷಧಿ ಸಾಕು, ಮನೆಯಲ್ಲೇ ಆರಾಮವಾಗಿರಿ ಎಂದು ಡಾಕ್ಟರು ಮೆತ್ತಗೆ ಹೇಳಿದರು. ಆ ಮೆತ್ತಗಿನ ದನಿಯಲ್ಲೇ ಗಂಡಹೆಂಡಿರಿಬ್ಬರಿಗೂ ಎಲ್ಲ ತಿಳಿಯಿತು. ಮನೆಗೆ ಬರುವ ದಾರಿಯಲ್ಲಿ, ಬಸ್ಸಿನ ಕಿಟಕಿಯಾಚೆ ಫರ್ ಮರಗಳು ಹಿಂದೆ ಹಿಂದೆ ಓಡುತ್ತಿದ್ದಾಗ, ನಿನಗೇನು ಬೇಕು ಹೇಳು ಎಂದು ಹಿಲ್ಮಾ ಕೇಳಿದಳು. ಪಾದ್ರಿ ಬೇಕು ಅನ್ನಬಹುದಿತ್ತು, ಸ್ವೀಡನ್ನಿನಲ್ಲಿದ್ದ ತಮ್ಮನನ್ನು ಕರೆಸು ಅನ್ನಬಹುದಿತ್ತು. ಎನ್ಸಿಯೊ ಹೇಳಿದ್ದು ಒಂದೇ ಮಾತು:

"ಕೆರೆ ಹೆಪ್ಪುಗಟ್ಟಿದ ಮೇಲೆ ಅಹ್ವೆನ್ ಒಂದ್ಸಲ ಕೈಗೆ ತಟ್ಟಬೇಕು ಕಣೇ. ಅಷ್ಟೇ."

ಅಹ್ವೆನ್ ಎಂದರೆ ಅಂಗೈಯಗಲದ ಪಟ್ಟೆಪಟ್ಟೆಯ ಮೀನು. ಬೆನ್ನಿನ ತುಂಬ ಮುಳ್ಳು, ಸ್ವಭಾವದಲ್ಲಿ ಹಳ್ಳಿಯ ಪುಂಡ. ಆದರೆ ಚಳಿಗಾಲದಲ್ಲಿ, ಮಂಜುಗಡ್ಡೆಯ ಕೆಳಗೆ, ಆ ಪುಂಡನಿಗೂ ಮಂಪರು. ಆಗ ಅದು ಗಾಳವನ್ನು ಕಚ್ಚಿ ಜಗ್ಗುವುದಿಲ್ಲ, ತಟ್ಟುತ್ತದೆ. ಆ ತಟ್ಟು ದಾರ ಹಿಡಿದು ಮೇಲಕ್ಕೆ ಬಂದು ಬೆರಳ ತುದಿಯಲ್ಲಿ ಮುಟ್ಟಿ ಹೋಗುತ್ತದೆ. ಅದಕ್ಕಾಗಿಯೇ ಆ ಊರಿನ ಗಂಡಸರು ಮೂಗಿನ ತುದಿ ಉದುರಿಬೀಳುವ ಚಳಿಯಲ್ಲಿ ಸಣ್ಣ ತೂತೊಂದರ ಮುಂದೆ ದಿನವೆಲ್ಲ ಕುಕ್ಕರಿಸುತ್ತಿದ್ದರು. ಮೀನು ತಿನ್ನುವ ಆಸೆಗಾದರೆ ಅಂಗಡಿಯಲ್ಲಿ ಸಿಗುತ್ತದಲ್ಲ.

ಸತ್ತ ಬೆರಳಿಗೆ ತಟ್ಟು ತಿಳಿಯುವುದು ಹೇಗೆ? ಹಿಲ್ಮಾ ಅದನ್ನು ಯೋಚಿಸಿಯೇ ಯೋಚಿಸಿದಳು. ಬೆರಳನ್ನಂತೂ ಬದಲಿಸಲಾಗದು, ದಾರವನ್ನು ಬದಲಿಸಬಹುದಲ್ಲ ಎಂದುಕೊಂಡಳು. ಊರಿನಲ್ಲಿ ಅವಳಷ್ಟು ದೊಡ್ಡ ಬಾಯಿ ಇನ್ನೊಂದಿರಲಿಲ್ಲ. ಅವಳು ಹಿಡಿದ ಮೀನು ಕೆರೆಯಿಂದ ಮನೆಗೆ ಬರುವಷ್ಟರಲ್ಲಿ ಒಂದು ಮೊಳ ಬೆಳೆಯುತ್ತಿತ್ತು, ಮನೆಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಮರಿ ಹಾಕುತ್ತಿತ್ತು. ಅಂಥವಳಿಗೆ ಒಂದು ಸಣ್ಣ ತಟ್ಟನ್ನು ದೊಡ್ಡದು ಮಾಡುವ ದಾರ ಲೋಕದಲ್ಲಿ ಇಲ್ಲವೆಂದರೆ ನಂಬಿಕೆ ಬರುವುದಾದರೂ ಹೇಗೆ.

ಅಂಗಡಿಯ ಉರ್ಪೊ ಎನ್ಸಿಯೊನ ಹಳೆಯ ಜೊತೆಗಾರ. ಗಾಳಿಗೆ ಬೆನ್ನು ಕೊಟ್ಟು, ಒಬ್ಬರ ಬೆನ್ನಿಗೊಬ್ಬರು ಒರಗಿ, ಇಬ್ಬರೂ ಅರ್ಧ ಆಯಸ್ಸನ್ನು ಆ ಕೆರೆಯ ಮೇಲೆ ಕಳೆದಿದ್ದರು.

"ಮೀನು ಕೆಮ್ಮಿದ್ರೂ ಮೇಲಿರೋನಿಗೆ ಗೊತ್ತಾಗ್ಬೇಕು, ಅಂಥ ದಾರ ಕೊಡು," ಎಂದಳು ಹಿಲ್ಮಾ.

"ಹಾಗಿದ್ರೆ ಟೆಲಿಫೋನ್ ತಂತಿ ಎಳೆಸ್ಕೋ ಮಾರಾಯ್ತಿ," ಎಂದ ಉರ್ಪೊ.

ಆಮೇಲೆ ಅವನು ಇದ್ದಬದ್ದ ದಾರವನ್ನೆಲ್ಲ ಕೌಂಟರಿನ ಮೇಲೆ ಸುರಿದ. ಹಿಲ್ಮಾ ಹೆಣ್ಣು ನೋಡಲು ಬಂದ ಅತ್ತೆಯ ಹಾಗೆ ಒಂದೊಂದನ್ನೂ ಎಳೆದು, ಬೆಳಕಿಗೆ ಹಿಡಿದು, ಕೈಬಿಟ್ಟು, ಅದು ಹೇಗೆ ತೂಗಾಡುತ್ತದೆಂದು ನೋಡಿದಳು. ದಪ್ಪ ನೈಲಾನ್ ರಾಟೆಯಿಂದ ಇಳಿಯುತ್ತಲೇ ಕುರಿಯ ಉಣ್ಣೆಯಂತೆ ಸುರುಳಿ ಸುತ್ತಿಕೊಂಡಿತು. ಸುರುಳಿ ಇದ್ದರೆ ಮೀನಿನ ತಟ್ಟೆಲ್ಲ ಆ ಸುರುಳಿ ಬಿಚ್ಚುವುದರಲ್ಲೇ ಮುಗಿದುಹೋಗುತ್ತದೆ, ಕೈಗೆ ಬರುವುದು ಸೊನ್ನೆ ಎಂದು ಉರ್ಪೊ ಹೇಳಿದ. ಹೆಣೆದ ದಾರ ಸುರುಳಿಯಾಗದು, ಹಿಗ್ಗದು, ಮೀನಿನ ಬಿಕ್ಕಳಿಕೆಯನ್ನೂ ಮೇಲಕ್ಕೆ ತರುತ್ತದೆ. ಆದರೆ ಕುಡುಕನಂತೆ ನೀರು ಕುಡಿದು ಈ ಚಳಿಗೆ ಕ್ಷಣದಲ್ಲಿ ಕೋಲಾಗಿ ನಿಲ್ಲುತ್ತದೆ. ನೀರಲ್ಲಿ ಕಾಣಿಸದ ಇನ್ನೊಂದು ಗಾಜಿನಂಥದ್ದು ಇತ್ತು, ಬೆಲೆಯೂ ಬಿಗುಮಾನವೂ ಜಾಸ್ತಿ, ಚಳಿ ತಗುಲಿದರೆ ಎಲ್ಲಕ್ಕಿಂತ ಮೊದಲು ಸೆಟೆದುಕೊಳ್ಳುವುದು ಅದೇ. ಕೊನೆಗೆ ಇಬ್ಬರೂ ಒಪ್ಪಿದ್ದು ಮಗುವಿನ ಕೂದಲಿನಷ್ಟು ತೆಳ್ಳಗಿನ, ಮೆತ್ತನೆಯ ನೈಲಾನಿಗೆ. ಅದನ್ನು ಸಣ್ಣ ರಾಟೆಗೆ ಸುತ್ತಬೇಡ, ಅಗಲವಾದದ್ದಕ್ಕೆ ಸುತ್ತು ಎಂದ ಉರ್ಪೊ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ನೆನೆಸು, ಕುದಿನೀರು ಹಾಕಿ ಕೊಲ್ಲಬೇಡ. ಆಮೇಲೆ ಇಬ್ಬರು ಎರಡು ತುದಿ ಹಿಡಿದು, ಸಮನಾಗಿ ಎಳೆದು ಸ್ವಲ್ಪ ಹೊತ್ತು ನಿಂತರೆ ಸುರುಳಿ ಬಿಡುತ್ತದೆ.

"ಆ ಕಡೆ ತುದಿ ಅವನೇ ಹಿಡ್ಕೊಳ್ಲಿ," ಎಂದು ಹೇಳಿ ಉರ್ಪೊ ಇದ್ದಕ್ಕಿದ್ದಂತೆ ಮೊಳೆಗಳ ಡಬ್ಬಿ ಜೋಡಿಸಲು ಬೆನ್ನು ತಿರುಗಿಸಿದ.

ಅಂದು ಸಂಜೆ ಹಿಲ್ಮಾ ದಾರವನ್ನು ನೆನೆಸಿ, ಎನ್ಸಿಯೊನನ್ನು ಅಡುಗೆಮನೆಯ ಕಿಟಕಿಯ ಪಕ್ಕ ಕೂರಿಸಿ, ದಾರದ ತುದಿಯನ್ನು ಅವನ ತೋರುಬೆರಳಿಗೆ ಸುತ್ತಿ, ಉಳಿದದ್ದನ್ನು ಬಿಡುತ್ತ ಬಿಡುತ್ತ ನಡುಮನೆ ದಾಟಿ ಮಲಗುವ ಕೋಣೆಯವರೆಗೂ ಹಿಂದಕ್ಕೆ ನಡೆದಳು. ಅಲ್ಲಿಂದ ಅವನ ಬೋಳಾದ ತಲೆ, ಕುತ್ತಿಗೆ, ಅಗಲ ಕಳೆದುಕೊಂಡು ಮೊಳೆಗೆ ತಗುಲಿಹಾಕಿದ ಕೋಟಿನಂತಾದ ಭುಜ ಕಾಣುತ್ತಿದ್ದವು. ಅವನು ಹೊರಗೆ ಹಕ್ಕಿಗಳ ಕಾಳಿನ ಗೂಡನ್ನು ನೋಡುತ್ತಿದ್ದ. ಅವಳು ದಾರವನ್ನು ಎಳೆದು ಬಿಗಿಹಿಡಿದಳು.

"ಎಳೀತಾ ಇದೀನಿ. ಗೊತ್ತಾಗ್ತಿದೆಯಾ?"

"ಹೂಂ," ಎಂದ.

ಹಿಲ್ಮಾಳ ಎದೆ ಉಬ್ಬಿತು. ನಾಳೆ ಊರಿಗೆಲ್ಲ ಸಾರಬೇಕು, ಅಂಗಡಿಯ ದಾರ ಡಾಕ್ಟರನ್ನು ಮೀರಿಸಿತು ಎಂದು. ಎರಡು ಸಲ ಹಗುರವಾಗಿ ಜಗ್ಗಿದಳು. ಈಗ? ಹೂಂ. ಅವನ ದನಿಯಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಅವಳಿಗೆ ಏನೋ ಚುಚ್ಚಿತು. ಸದ್ದಾಗದಂತೆ ಬಗ್ಗಿ ತನ್ನ ಕೈಯ ತುದಿಯನ್ನು ನೆಲದ ಮೇಲಿಟ್ಟಳು. ಮನೆಯುದ್ದಕ್ಕೂ ದಾರ ಸಡಿಲವಾಗಿ ಬಿದ್ದುಕೊಂಡಿತು.

"ಈಗ?" ಎಂದಳು.

"ಹೂಂ. ಚೆನ್ನಾಗಿ ಗೊತ್ತಾಗ್ತಿದೆ," ಎಂದ ಎನ್ಸಿಯೊ.

ಹಿಲ್ಮಾ ದಾರವನ್ನು ಅಗಲದ ರಾಟೆಗೆ ಸುತ್ತಿ, ಅವನ ಬೆರಳಿಂದ ತುದಿ ಬಿಚ್ಚಿ, ಅಂಗಳದಾಚೆಯ ಸೌನಾದ, ಆ ಬಿಸಿಹಬೆಯ ಸ್ನಾನದ ಮನೆಯ, ಒಲೆ ನೋಡಿ ಬರುತ್ತೇನೆಂದು ಹೊರಗೆ ಹೋದಳು. ಅಲ್ಲಿ ಉರಿ ಹಾಕದ ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು.

ಆದರೂ ಕೆರೆಗೆ ಹೋದರು. ಹೋಗದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಮುಂದೆ ಕುರ್ಚಿಯಿದ್ದು ಹಿಂದೆ ನಿಂತವರು ಒಂದು ಕಾಲಲ್ಲಿ ಒದ್ದು ಓಡಿಸುವ ಜಾರುಬಂಡಿಯಲ್ಲಿ ಎನ್ಸಿಯೊನನ್ನು ಕಂಬಳಿ ಸುತ್ತಿ ಕೂರಿಸಿ ಹಿಲ್ಮಾ ನೂಕಿದಳು. ಅವನು ಹತ್ತಿಯ ಮೂಟೆಗಿಂತ ಹಗುರವಾಗಿದ್ದ. ಬಂಡಿ ಸಲೀಸಾಗಿ ಓಡಿದ್ದೇ ಅವಳಿಗೆ ಸಂಕಟ. ಬಾಯಿಂದ ಬಿದ್ದ ಮಾತು ಗಡ್ಡೆ ಕಟ್ಟಿ ಕಾಲ ಮೇಲೆ ಬೀಳುವಂಥ ಚಳಿ. ಜೊಂಡಿನ ಆಚೆ, ಕಲ್ಲಿನ ದಿಬ್ಬ ನೀರಿಗೆ ಇಳಿಯುವ ಕಡೆ ನಿಲ್ಲಿಸು ಎಂದ ಎನ್ಸಿಯೊ. ಅವಳು ಬೈರಿಗೆ ಹಿಡಿದು ಕೊರೆದಳು. ಆ ಕೊರೆತಕ್ಕೆ ಪಾತಾಳದಲ್ಲಿದ್ದವರೂ ಎದ್ದು ಕೂತಿರಬೇಕು. ಅವನಿಗೊಂದು ತೂತು, ಪಕ್ಕದಲ್ಲೇ ತನಗೊಂದು.

ಹೊಸ ದಾರ ನೆಟ್ಟಗೆ, ಬಡಗಿ ಎಳೆದ ಗೆರೆಯಂತೆ ನೀರಿಗಿಳಿಯಿತು. ಅಂಥ ದಾರವನ್ನು ಆ ಕೆರೆ ಕಂಡಿರಲಿಲ್ಲ. ಎನ್ಸಿಯೊ ಕೈಗವಸು ತೆಗೆದು ಮೊಳದುದ್ದದ ಗಾಳಕೋಲನ್ನು ಹಿಡಿದು, ಹಳೆಯ ಅಭ್ಯಾಸದಂತೆ ಎತ್ತುತ್ತ ಇಳಿಸುತ್ತ ಕೂತ. ಸ್ವಲ್ಪ ಹೊತ್ತಿಗೆ ಮೇಲೆತ್ತಿ ನೋಡಿದರೆ ಗಾಳದಲ್ಲಿ ಹುಳವಿಲ್ಲ. ಹಿಲ್ಮಾ ಇನ್ನೊಂದು ಹುಳ ಚುಚ್ಚಿ ಕೊಟ್ಟಳು. ಅದೂ ಹೋಯಿತು. ಮತ್ತೊಂದು ಚುಚ್ಚಿದಳು. ಕೆಳಗೆ ಮದುವೆಯೂಟ ನಡೆಯುತ್ತಿತ್ತು, ಮೇಲೆ ಬಡಿಸುವವನಿಗೆ ಒಂದೂ ತಿಳಿಯುತ್ತಿರಲಿಲ್ಲ. ಈ ಸಲದ ಅಹ್ವೆನ್‌ಗಳು ಹಲ್ಲಿಲ್ಲದ ಮುದುಕಿಯರ ಹಾಗೆ ಚೀಪುತ್ತವೆ, ಯಾರಿಗೂ ಗೊತ್ತಾಗದು ಎಂದು ಹಿಲ್ಮಾ ಸುಳ್ಳು ಹೊಸೆದಳು.

ಎನ್ಸಿಯೊ ಗಾಳಕೋಲನ್ನು ತೊಡೆಯ ಮೇಲಿಟ್ಟುಕೊಂಡ. ಅವಳ ಕೋಲಿನ ಕಡೆ ನೋಡಿದ. ಅದರಲ್ಲಿ ಯಾವ ಕಾಲದ್ದೋ ಹಳೆಯ ದಾರ, ಎಂದೂ ನೆನೆಸಿ ಎಳೆದದ್ದಲ್ಲ. ಕೋಲಿನ ತುದಿಯಿಂದ ನೀರಿನವರೆಗೆ ಸುರುಳಿ ಸುರುಳಿಯಾಗಿ ನೇತಾಡುತ್ತಿತ್ತು. ಹಂದಿಬಾಲ ಎಂದು ಅದನ್ನು ಅವನು ಗೇಲಿ ಮಾಡದ ಚಳಿಗಾಲವೇ ಇರಲಿಲ್ಲ.

"ನಿನ್ನ ಹಂದಿಬಾಲ ಇಲ್ಲಿ ಕೊಡು."

"ಯಾಕೆ? ಇದು ನೆಟ್ಟಗಿದೆಯಲ್ಲ. ಇದನ್ನ ನೆಟ್ಟಗೆ ಮಾಡೋಕೆ ನಾನು ಎಷ್ಟು..."

"ಕೈಗೆ ತಿಳಿಯಲ್ಲ ಹಿಲ್ಮಾ," ಎಂದ ಎನ್ಸಿಯೊ. "ಸುರುಳಿ ಇದ್ರೆ, ಮೀನು ಮುಟ್ಟಿದಾಗ ಅದು ಬಿಚ್ಕೊಳ್ಳುತ್ತೆ. ಕಣ್ಣಿಗಾದ್ರೂ ಕಾಣ್ಲಿ."

ಅವಳು ತೂತಿನ ನೀರನ್ನೇ ನೋಡಿದಳು. ಅದರ ಮೇಲೆ ಆಗಲೇ ತೆಳ್ಳಗೆ ಪೊರೆ ಕಟ್ಟುತ್ತಿತ್ತು.

"ಮತ್ತೆ ಮೊನ್ನೆ ನೀನು ಹೂಂ ಅಂದೆ."

"ಆಮೇಲೆ ಕಣ್ಣು ಕೆಳಗೆ ಹೋಯ್ತು. ದಾರ ನೆಲದ ಮೇಲೆ ಬಿದ್ದಿತ್ತು. ನೀನು ಬಿಟ್ಟಿದ್ದೀಯ ಅಂತ ಆಗ್ಲೇ ಗೊತ್ತಾಯ್ತು." ಅವನು ಉಸಿರು ಎಳೆದುಕೊಂಡ. "ನೀನು ಉರ್ಪೊನ ಅಂಗಡಿ ಪೂರ್ತಿ ಜಾಲಾಡಿ ತಂದಿದ್ದೆ. ಇಲ್ಲ ಅಂತ ಹೇಗೆ ಹೇಳ್ಲಿ?"

ಹಿಲ್ಮಾ ಕೋಲು ಬದಲಿಸಿ ಕೊಟ್ಟಳು. ಹಂದಿಬಾಲ ನೀರಿಗಿಳಿಯಿತು. ಎನ್ಸಿಯೊ ಮುಂದಕ್ಕೆ ಬಾಗಿ, ಬೆಕ್ಕು ಬಿಲವನ್ನು ಕಾಯುವಂತೆ ಆ ಸುರುಳಿಗಳನ್ನು ಕಾದ. ಒಮ್ಮೆ ಕೆಳಗಿನ ಸುರುಳಿ ಮೆಲ್ಲಗೆ ಬಿಚ್ಚಿ ನೆಟ್ಟಗಾಯಿತು, ಅವನು ಕಂಡ. ಕಂಡದ್ದನ್ನು ಕೈಗೆ ಹೇಳಿ, ಕೈ ಕೇಳಿ, ಏಳುವಷ್ಟರಲ್ಲಿ ಸುರುಳಿ ಮತ್ತೆ ಮಡಚಿಕೊಂಡಿತ್ತು. ಇನ್ನೊಮ್ಮೆಯೂ ಹಾಗೇ ಆಯಿತು. ಮೂರನೆಯದಕ್ಕೆ ಕೋಲೇ ಕೈಯಿಂದ ಜಾರಿ ಮಂಜಿನ ಮೇಲೆ ಬಿತ್ತು. ಜಾರಿದ್ದೂ ಅವನಿಗೆ ತಿಳಿಯಲಿಲ್ಲ, ಖಾಲಿ ಕೈಯನ್ನು ಮೇಲೆತ್ತಿದ. ಆ ಖಾಲಿ ಕೈಯನ್ನು ಹಿಲ್ಮಾ ನೋಡಬಾರದಿತ್ತು.

ಅವನು ಬೈಯಲಿಲ್ಲ. ಹತ್ತಿರ ಬಾ ಎಂದ. ಅವಳು ಬಂಡಿಯ ಪಕ್ಕ ಮಂಡಿಯೂರಿ ಕೂತು ಬಿದ್ದ ಕೋಲನ್ನು ಎತ್ತಿಕೊಂಡಳು.

"ನೀನು ಹಿಡ್ಕೋ. ನಾನು ನೋಡಿ ಹೇಳ್ತೀನಿ."

ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಸೂರ್ಯ ಫರ್ ಮರಗಳ ತಲೆಯ ಮೇಲೆ ಅಷ್ಟಿಷ್ಟು ಉರುಳಿ, ಏಳಲು ಸೋಮಾರಿತನ ಮಾಡುತ್ತಿದ್ದ. ಸುರುಳಿ ಬಿಚ್ಚಿತು.

"ಈಗ," ಎಂದ ಎನ್ಸಿಯೊ.

ಹಿಲ್ಮಾ ಎತ್ತಿದಳು. ದಾರ ಒಂದು ಕೈಯಿಂದ ಇನ್ನೊಂದು ಕೈಗೆ ಬಂದು, ತೂತಿನೊಳಗಿಂದ ಮುಳ್ಳು ಕೆದರಿಕೊಂಡು ಅಹ್ವೆನೊಂದು ಮಂಜುಗಡ್ಡೆಯ ಮೇಲೆ ಬಿದ್ದು ಪಟಪಟನೆ ಹೊಡೆದುಕೊಂಡಿತು. ದೊಡ್ಡದೇನಲ್ಲ. ಎನ್ಸಿಯೊ ಅದನ್ನು ನೋಡಲಿಲ್ಲ, ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಹೇಗಿತ್ತು?" ಎಂದು ಕೇಳಿದ.

ಹಿಲ್ಮಾ ಬಾಯಿ ತೆರೆದಳು. ಆ ಬಾಯಲ್ಲಿ ಹೋರಿಗಳಂತೆ ಜಗ್ಗಿದ, ಗಿರಣಿಯ ಚಕ್ರ ಎಳೆದ ಎಷ್ಟೋ ಮೀನುಗಳಿದ್ದವು, ಹೇಳಿದರೆ ಊರು ನಗುತ್ತಿತ್ತು. ಅವನು ಕಾಯುತ್ತಿದ್ದ. ಅವನಿಗೆ ಬೇಕಾದದ್ದು ಅದಾವುದೂ ಅಲ್ಲ. ಅವಳು ಕೈಯನ್ನು ಮಡಚಿ, ಬಿಚ್ಚಿ, ಈಗಷ್ಟೇ ಆದದ್ದನ್ನು ಹುಡುಕಿದಳು.

"ಸಣ್ಣದು," ಎಂದಳು ಕೊನೆಗೆ. "ಯಾರೋ ಹಿಂದಿನಿಂದ ಬಂದು ಅಂಗಿಯ ತೋಳು ಮುಟ್ಟಿದ ಹಾಗೆ. ಏನೋ ಹೇಳ್ಬೇಕು ಅಂತ ಬಂದು, ಹೇಳ್ದೇ ನಿಂತ ಹಾಗೆ."

"ಒಂದೇ ಸಲಾನಾ?"

"ಇಲ್ಲ. ಆಮೇಲೆ ಇನ್ನೊಂದು. ಅದು ಸ್ವಲ್ಪ ಗಟ್ಟಿ."

ಎನ್ಸಿಯೊ ಕಣ್ಣು ಮುಚ್ಚಿದ.

"ಹೌದು. ಹಾಗೇ ಇರ್ತಿತ್ತು," ಎಂದ. ಆಮೇಲೆ, ಕಣ್ಣು ತೆರೆಯದೆ, "ಇನ್ನೊಂದ್ಸಲ ಬಿಡು. ಈ ಸಲ ನೀನೇ ನೋಡ್ಕೋ, ಹಿಲ್ಮಾ. ನಾನು ಕೇಳಿಸ್ಕೊಳ್ತೀನಿ," ಎಂದ.

ಅವಳು ಹುಳ ಚುಚ್ಚಿ ದಾರ ಇಳಿಬಿಟ್ಟಳು. ತಟ್ಟಿದಾಗಲೆಲ್ಲ ಅವನ ಕಿವಿಯ ಹತ್ತಿರ ಬಾಗಿ, ಆದದ್ದನ್ನು ಆದಷ್ಟೇ ಹೇಳಿದಳು. ತಟ್ಟದಿದ್ದಾಗ ಇಲ್ಲ ಎಂದಳು.