ಕರೆಂಟಿನ ಗುರುತು

ಸತ್ತ ಮಗಳು ಯಶೋಧರಾಳ ಮೈಗೆ ನೀರು ಹೊಯ್ಯುತ್ತಿದ್ದ ಮರಿಲಿಂಗಮ್ಮನ ಕೈ ನಿಂತಿತು. ಬಲ ಎದೆಯ ಮೇಲೆ ಅಂಗೈಯಗಲದ ಕಪ್ಪು ಚೌಕ, ಗೆರೆ ಎಳೆದು ಸುಟ್ಟ ಹಾಗೆ. ಸೀರೆ ಮರೆ ಹಿಡಿದಿದ್ದ ನೆರೆಮನೆಯ ಗೊಲ್ಲಾಳಮ್ಮ ಬಗ್ಗಿ ನೋಡಿದಳು.

"ಅಯ್ಯ ಯವ್ವ, ಕರೆಂಟ್ ಕೊಟ್ಟು ಸುಟ್ಟಾರಲ್ಲ ಕೂಸಿನ್ನ!"

ಮರೆಯ ಆಚೆ ಕೂತಿದ್ದ ಲಿಂಗಣ್ಣನ ಕಿವಿಗೆ ಅದು ಬಿತ್ತು. ಅವನು ಮರಿಲಿಂಗಮ್ಮನ ತಮ್ಮ. ಯಶೋಧರಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋಗಿಯ ಶಾಲೆಗೆ ಬಿಟ್ಟುಬಂದ ಸೋದರಮಾವ. ಎದ್ದವನೇ ಅವಳ ಗಂಡ ಹಣಮೇಶನ ಮುಂದೆ ನಿಂತ.

"ಗಟ್ಟಿಮುಟ್ಟ ಇದ್ಲು. ಕಲಬುರಗಿಗಿ ಒಯ್ದು ಆ ಮಷಿನ್ನಿನ್ಯಾಗ ಮಲಗಿಸಿ ಕೊಂದಿ. ನೀ ಮಣ್ಣ ಕೊಡಬ್ಯಾಡ."

ಹಣಮೇಶ ತಲೆ ಎತ್ತಲಿಲ್ಲ. ಮರಿಲಿಂಗಮ್ಮ ಮಗಳಿಗೆ ಬಿಳಿ ಸೀರೆ ಸುತ್ತಿದಳು. ಅವಳಿಗೂ ಒಮ್ಮೆ ಹಾಗೇ ಅನ್ನಿಸಿತ್ತು.

*

ಹಿಂದಿನ ಬೇಸಿಗೆಯಲ್ಲಿ, ಕಲಬುರಗಿಯ ಕ್ಯಾನ್ಸರ್ ಆಸ್ಪತ್ರೆಯ ಬೆಂಚಿನ ಮೇಲೆ ತಾಯಿ ಮಗಳು ಇಬ್ಬರೇ ಕಾಯುತ್ತಿದ್ದರು.

"ಆ ಮಷಿನ್ನಿನಿಂದ ಏನ್ ಬಿಡ್ತಾರ ನಿನ್ನ ಮೈಯಾಗ?"

ಯಶೋಧರಾ ಶಹಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ದನಿ ಸೋತಿದ್ದರೂ ಪಾಠಕ್ಕೆ ನಿಂತವಳಂತೆ ಬೆನ್ನು ನೆಟ್ಟಗೆ ಮಾಡಿದಳು.

"ಎಲೆಕ್ಟ್ರಾನ್ ಅಂತ ಕಣ್ಣಿಗಿ ಕಾಣದ ಕಣ, ಅವ್ವ. ಅವನ್ನ ವಿದ್ಯುತ್ತಿನ ಬಲದಿಂದ ಜೋರ್ ಓಡಸ್ತಾರ. ಹಂಗ ಓಡೋವನ್ನ ಅಯಸ್ಕಾಂತ ಕೆಳಗ ಬಗ್ಗಸ್ತದ. ಅವು ಒಂದು ಲೋಹಕ್ಕ ಬಡದು ಕಿರಣ ಹುಟ್ತದ. ಆ ಕಿರಣಕ್ಕ ಚಾರ್ಜ್ ಇಲ್ಲ. ಮುಂದ ಅದು ಯಾವ ಅಯಸ್ಕಾಂತದ ಮಾತೂ ಕೇಳಂಗಿಲ್ಲ, ಸೀದಾ ಬರ್ತದ."

"ನಿನ್ನ ಕಡಿಗೇ ಯಾಕ ಬಗ್ಗಸ್ತಾರ? ಅತ್ತಾಗ ಗ್ವಾಡಿ ಕಡಿಗಿ ಬಗ್ಗಸಂತ ಹೇಳು."

ಯಶೋಧರಾ ನಕ್ಕಳು. ನಗುತ್ತಿದ್ದಂತೆಯೇ ಕಣ್ಣು ತುಂಬಿದವು.

"ಗಂಟು ಗ್ವಾಡ್ಯಾಗ ಇಲ್ಲಲ್ಲ, ಅವ್ವ." ಸ್ವಲ್ಪ ತಡೆದು ಹೇಳಿದಳು, "ಹೋದ ವರ್ಷನ ಕೈಗಿ ಹತ್ತಿತ್ತು. ಹುಡುಗ್ರ ಪರೀಕ್ಷಿ ಮುಗೀಲಿ ಅಂತ ಯಾರಿಗೂ ಹೇಳ್ಲಿಲ್ಲ. ನಮ್ಮ ಮನಿಯವ್ರಿಗೂ."

ಮರಿಲಿಂಗಮ್ಮ ಮಗಳ ಕೆನ್ನೆಗೆ ಹೊಡೆದಳು. ಹೊಡೆದ ಕೈಯಲ್ಲೇ ಅವಳನ್ನು ಎದೆಗೆ ಒತ್ತಿಕೊಂಡಳು. ಒಳಗಿನಿಂದ ಹೆಸರು ಕೂಗಿದರು. ಯಶೋಧರಾ ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

*

ಕುಣಿಯ ಹತ್ತಿರ 'ಬುದ್ಧಂ ಸರಣಂ ಗಚ್ಛಾಮಿ' ಎಂದು ತ್ರಿಸರಣ ಹೇಳಿ ಮುಗಿಸಿದರು. ದೇಹ ಇಳಿಸಿ ಆಯಿತು. ಹಣಮೇಶ ಮಣ್ಣಿಗೆ ಬಗ್ಗಿದಾಗ ಲಿಂಗಣ್ಣ ಅಡ್ಡ ಬಂದ.

ಸತ್ತ ಮಗಳ ತಪ್ಪನ್ನು ಊರ ಮುಂದೆ ಆಡಲು ಮರಿಲಿಂಗಮ್ಮನಿಗೆ ನಾಲಿಗೆ ಏಳಲಿಲ್ಲ. ಆದರೂ ಆಡಿದಳು.

"ಅತ್ತಾಗ ಸರಿ, ಲಿಂಗಾ. ಗಂಟು ಮುಚ್ಚಿಟ್ಟಾಕಿ ನನ್ನ ಮಗಳು. ಗೊತ್ತಾದ ದಿನಾನೇ ದವಾಖಾನಿಗಿ ಒಯ್ದಾಂವ ಇಂವ. ಆ ಮಷಿನ್ ಖೋಲಿಗಿ ಆಕಿ ತಾನೇ ನಡಕೋಂತ ಹೋಗ್ಯಾಳ. ನಾ ನೋಡೀನಿ."

ಲಿಂಗಣ್ಣ ಹಣಮೇಶನ ಕಡೆ ತಿರುಗಿದ. "ಮುಂಜಾನೆಯಿಂದ ಬೈಸ್ಕೊಂಡಿ. ಬಾಯಿ ಬಿಟ್ಟು ಹೇಳಾಕ ಏನಾಗಿತ್ತೊ?"

"ಆಕಿ ಮ್ಯಾಲ ಮಾತು ಬರೋದು ಬ್ಯಾಡಾಗಿತ್ತ್ರಿ, ಮಾವ."

ಹಣಮೇಶ ಹಿಡಿ ಮಣ್ಣು ತೆಗೆದುಕೊಂಡು ಅಂಚಿಗೆ ಬಂದ. ಕಾಲ ಕೆಳಗಿನ ಹಸಿ ಮಣ್ಣು ಕುಸಿಯಿತು. ಲಿಂಗಣ್ಣನ ಕೈ ಥಟ್ಟನೆ ಅವನ ರಟ್ಟೆ ಹಿಡಿಯಿತು. ಹಿಡಿಯಲ್ಲಿದ್ದ ಮಣ್ಣೆಲ್ಲ ಬಿಳಿ ಬಟ್ಟೆಯ ಮೇಲೆ ಬಿದ್ದು ಮುಗಿದ ಮೇಲೂ ಆ ಕೈ ಬಿಡಲಿಲ್ಲ.