ದಾನೇಶ್ವರಿಯ ಆಕಳಿಕೆ

ಅಜ್ಜಿಯ ಕೊರಳಿನ ಹಾರ ಸರಿಮಾಡಲು ಎದ್ದ ದಾನೇಶ್ವರಿ, ಹಾರವನ್ನು ಅರ್ಧಕ್ಕೇ ಬಿಟ್ಟು, ಬಾಯಿ ಅಗಲಿಸಿ ಆಕಳಿಸಿದಳು. ಇದನ್ನು ಗಂಭೀರವಾಗಿಯೇ ಹೇಳಬೇಕು, ಏಕೆಂದರೆ ಆ ವಾರ ಚೀಕಲಪರ್ವಿಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ನಡೆಯಲಿಲ್ಲ, ಸಾವನ್ನೂ ಲೆಕ್ಕಕ್ಕೆ ಹಿಡಿದು. ಆಕಳಿಕೆ ಉದ್ದವಾಗಿತ್ತು. ಕಣ್ಣಲ್ಲಿ ನೀರು ತರಿಸಿತು. ಕೊನೆಗೆ ಸಣ್ಣದೊಂದು ಸ್ವರವೂ ಹೊರಟಿತು. ಅಂಗಳದಲ್ಲಿ ಕೂತವರೆಲ್ಲ ನೋಡಿದರು. ಹಲಿಗೆ ಬಾರಿಸುತ್ತಿದ್ದವನು ಕೈ ನಿಲ್ಲಿಸಿದ.

"ಒಂದು," ಎಂದ ಕನಕರಾಯ.

ದಾನೇಶ್ವರಿಗೆ ಹನ್ನೊಂದು ವರ್ಷ. ಹಿಂದಿನ ಸಂಜೆ ಅಜ್ಜಿ ವೆಂಕಮ್ಮ ತೀರಿಕೊಂಡಾಗಿನಿಂದ ಅವಳು ನೆಲಕ್ಕೆ ಬೆನ್ನು ಹಚ್ಚಿರಲಿಲ್ಲ. ಬೇರೆ ಯಾರದಾದರೂ ಮನೆಯಾಗಿದ್ದರೆ ಹೋಗಿ ಮಲಗು ಎನ್ನುತ್ತಿದ್ದರು. ಆದರೆ ವೆಂಕಮ್ಮನ ಮೈಮೇಲೆ ಮೂವತ್ತು ವರ್ಷ, ಅಮಾವಾಸ್ಯೆಗೊಮ್ಮೆ, ದುರಗಮ್ಮ ಬಂದಿದ್ದಳು. ಬರುವ ಮುಂಚೆ ವೆಂಕಮ್ಮ ಮೂರು ಸಲ ಆಕಳಿಸುತ್ತಿದ್ದಳು. ಮೂರನೆಯದಕ್ಕೆ ಕೂದಲು ಬಿಚ್ಚಿಕೊಳ್ಳುತ್ತಿತ್ತು, ದನಿ ದಪ್ಪಗಾಗುತ್ತಿತ್ತು, ಅಲ್ಲಿಯತನಕ ಅವಳ ಎದುರು ಕಾಲು ಚಾಚಿ ಕೂತಿದ್ದ ಗಂಡಸರು ಕಾಲು ಮಡಚಿಕೊಳ್ಳುತ್ತಿದ್ದರು. ಉಳಿದ ದಿನಗಳಲ್ಲಿ ವೆಂಕಮ್ಮ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸು. ಸೊಂಟನೋವು ಇತ್ತು. ಚಹಾಕ್ಕೆ ಸಕ್ಕರೆ ಹೆಚ್ಚು ಬೇಕಿತ್ತು.

ಕನಕರಾಯ ಅವಳ ಮೈದುನ. ದೇವಿ ಬಂದಾಗ ಭಂಡಾರದ, ಅಂದರೆ ಅರಿಸಿನ ಪುಡಿಯ, ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವುದು, ಅವಳಾಡಿದ ಒಡಕು ಮಾತನ್ನು ಜನರಿಗೆ ಬಿಡಿಸಿ ಹೇಳುವುದು ಅವನ ಕೆಲಸ. ಬೇರೆ ಕೆಲಸವನ್ನು ಅವನು ಹುಡುಕಿರಲಿಲ್ಲ. ದೇವಿ ಬರುವವರ ಹೆಣವನ್ನು ಸುಮ್ಮನೆ ಎತ್ತುವಂತಿಲ್ಲ ಎಂದು ಅವನು ಬೆಳಗಿನಿಂದ ಹೇಳುತ್ತಿದ್ದ. ದುರಗಮ್ಮ ಅವ್ವ ಮೊದಲು ಆ ಮೈಯಿಂದ ಇಳಿಯಬೇಕು, ಮುಂದೆ ಯಾರ ಮೇಲೆ ಬರುತ್ತೇನೆಂದು ತೋರಿಸಿಕೊಡಬೇಕು, ಆಮೇಲೆ ಹೂಳುವ ಕುಣಿಯ ಮಾತು. ಈಗ ಅವ್ವ ತೋರಿಸಲು ಶುರುಮಾಡಿದ್ದಳು. ಅವನು ದಾನೇಶ್ವರಿಯ ಹಣೆಗೆ ಭಂಡಾರ ಮೆತ್ತಿ, ಗೋಡೆಗೆ ಆನಿಸಿ ಕೂರಿಸಿದ್ದ ಅಜ್ಜಿಯ ಪಕ್ಕದಲ್ಲೇ ಅವಳನ್ನೂ ಕೂರಿಸಿದ. ಅಜ್ಜಿ ಮೊಮ್ಮಗಳು ಫೋಟೋಕ್ಕೆ ಕೂತಂತೆ ಕಾಣುತ್ತಿದ್ದರು.

ವೆಂಕಮ್ಮನ ಮಗಳು ಶಶಿಕಲಾ ರಾಯಚೂರಿನಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರು. ಗಂಡ ವಿನೋದ ಕಾಲೇಜಿನಲ್ಲಿ ಪಾಠ ಹೇಳುವವನು. ಅವರ ಮನೆಯಲ್ಲಿ ಇರುವುದು ಬುದ್ಧನ ಫೋಟೋ ಒಂದೇ. ರಜೆಯಲ್ಲಿ ಇಬ್ಬರೂ ಶಾಲೆಯಿಂದ ಶಾಲೆಗೆ ಹೋಗಿ ಪವಾಡ ಬಯಲು ಮಾಡುತ್ತಿದ್ದರು. ವಿನೋದ ಗಾಳಿಯಿಂದ ಬೂದಿ ತೆಗೆಯುತ್ತಿದ್ದ. ಶಶಿಕಲಾ ಅಂಗೈಯಲ್ಲಿ ಕರ್ಪೂರ ಉರಿಸುತ್ತಿದ್ದಳು, ಮೈಮೇಲೆ ದೇವರು ಹೇಗೆ ಬರುತ್ತದೆಂದು ಮಾಡಿ ತೋರಿಸುತ್ತಿದ್ದಳು. ತಮ್ಮನ ಮಗಳು ದಾನೇಶ್ವರಿಗೆ ದೇವದುರ್ಗದ ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ಸಿಕ್ಕಿತ್ತು. ಅರ್ಜಿ ತುಂಬಿದವಳೂ ಶಶಿಕಲಾಳೇ. ಸೋಮವಾರದೊಳಗೆ ಸೇರಿಸಬೇಕು. ಆದರೆ ದೇವರು ಬರುವ ಹುಡುಗಿ ಊರು ಬಿಡುವಂತಿಲ್ಲ. ಅಮಾವಾಸ್ಯೆಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಇರಬೇಕು, ಕನಕರಾಯನ ತಟ್ಟೆಯ ಪಕ್ಕ, ಮುಂದಿನ ಮೂವತ್ತು ವರ್ಷ.

"ಕಾಕಾ, ಕೂಸಿಗೆ ನಿದ್ದಿ ಬಂದದ," ಎಂದಳು ಶಶಿಕಲಾ. "ರಾತ್ರಿಯೆಲ್ಲ ಎದ್ದದ ಅದು."

"ರಾತ್ರಿಯೆಲ್ಲ ಎಲ್ಲಾರೂ ಎದ್ದೀವಲ್ಲಬೇ," ಎಂದ ಕನಕರಾಯ ಸಮಾಧಾನದಿಂದ. "ಬ್ಯಾರೆ ಯಾರರ ಆಕಳಿಸಿದ್ರೇನು? ತೋರಸು."

ಆ ಗಳಿಗೆಯಿಂದ ಆ ಅಂಗಳದಲ್ಲಿ ಬೇರೆ ಯಾರೂ ಆಕಳಿಸಲಿಲ್ಲ. ಗಂಡಸರು ತುಟಿ ಬಿಗಿಹಿಡಿದರು. ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡರು. ನೋಡಿದವರು ಅಳು ಎಂದುಕೊಳ್ಳಬೇಕು. ಒಬ್ಬ ಎದ್ದು ಬೇವಿನ ಮರದ ಹಿಂದೆ ಹೋಗಿ, ಕಣ್ಣೊರೆಸಿಕೊಳ್ಳುತ್ತ ಹಗುರಾಗಿ ಬಂದ. ಉಳಿದವರು ಅವನನ್ನು ಅನುಮಾನದಿಂದ ನೋಡಿದರು. ದೇವಿಯ ಮೇಲೆ ಎಲ್ಲರಿಗೂ ಭಕ್ತಿ ಇತ್ತು. ತನ್ನ ಮನೆಯಲ್ಲಿ ಮಾತ್ರ ಅವಳು ಇಳಿಯುವುದು ಯಾರಿಗೂ ಬೇಕಿರಲಿಲ್ಲ.

ದಾನೇಶ್ವರಿಯ ಅಪ್ಪ ಅಯ್ಯಪ್ಪ ಮಾನ್ವಿಗೆ ಟಂಟಂ ಆಟೋ ಓಡಿಸುವವನು. ಅವನಿಗೆ ದುರಗಮ್ಮನ ಹೆದರಿಕೆಯೂ ಇತ್ತು, ಅಕ್ಕನ ಹೆದರಿಕೆಯೂ ಇತ್ತು. ಹಾಗಾಗಿ ಬೆಳಗಿನಿಂದ ಟಂಟಂನ ಗಾಲಿಯನ್ನು ಪರೀಕ್ಷಿಸುತ್ತಿದ್ದ. ಶಶಿಕಲಾ ಅಲ್ಲಿಗೇ ಹೋಗಿ ಮಗಳನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗು ಎಂದಳು. ಅವನು ಗಾಲಿಯನ್ನೇ ನೋಡುತ್ತ, ಅವ್ವ ಸಿಟ್ಟಾದರೆ ಗತಿಯೇನು ಎಂದ. ಯಾವ ಅವ್ವ ಎಂದು ಶಶಿಕಲಾ ಕೇಳಿದಳು. ಅದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹೆಂಗಸರ ಸಾಲಿನ ತುದಿಯಲ್ಲಿ ಖಾಸಿಂ ಬೀ ಕೂತಿದ್ದಳು. ಅವಳೂ ವೆಂಕಮ್ಮನೂ ವಯಸ್ಸಿಗೆ ಬಂದಾಗಿನಿಂದ ಒಂದೇ ಸಾಲಿನಲ್ಲಿ ಬಗ್ಗಿ ನಾಟಿ ಹಚ್ಚಿದವರು. ಶಶಿಕಲಾ ಪಕ್ಕಕ್ಕೆ ಬಂದು ಕೂತಾಗ ಖಾಸಿಂ ಬೀ ಎಲೆಯಡಿಕೆ ತೆಗೆದು, ಜಗಿದರೆ ಬಾಯಿ ತೆರೆಯಬೇಕಾಗುತ್ತದೆಂದು ನೆನಪಾಗಿ, ಮತ್ತೆ ಚೀಲಕ್ಕೆ ಹಾಕಿಕೊಂಡಳು.

"ಖಾಲಾ, ಖರೇ ಹೇಳು. ನಮ್ಮವ್ವಗ ಖರೇನ ದೇವರು ಬರ್ತಿತ್ತೇನು?"

ಖಾಸಿಂ ಬೀ ಗೆಳತಿಯ ಮುಖವನ್ನು ನೋಡಿದಳು. "ದೇವರು ಬರದ ದಿನ ಆಕಿ ಮಾತು ಯಾರು ಕೇಳ್ತಿದ್ರು, ನೀನ ಹೇಳು."

*

ಶಶಿಕಲಾಳಿಗೂ ಒಮ್ಮೆ ಹನ್ನೊಂದು ವರ್ಷವಾಗಿತ್ತು. ಅಪ್ಪ ಅವಳನ್ನು ಹತ್ತಿ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸಿ ಬೀಜ ಕಟ್ಟಿಸುವ ಕೆಲಸಕ್ಕೆ ಹಚ್ಚುವುದೆಂದು ಮಾತು ಕೊಟ್ಟು ಬಂದಿದ್ದ. ಸಣ್ಣ ಕೈಗಳಿಗೆ ಆ ಕೆಲಸ ಚೆನ್ನಾಗಿ ಬರುತ್ತದೆ. ವೆಂಕಮ್ಮ ಬೇಡವೆಂದಳು. ಗಂಡ ಉಣ್ಣುತ್ತ ಕೇಳಿಸಿಕೊಂಡ, ಕೈ ತೊಳೆದು ಎದ್ದ. ಮಾರನೇ ದಿನವೂ ಹೇಳಿದಳು. ಅವನು ಮಜ್ಜಿಗೆ ಕೇಳಿದ.

ಅಮಾವಾಸ್ಯೆ ಬಂತು. ಮೂರು ಆಕಳಿಕೆ ಆದವು. ಮಳೆ ಯಾವಾಗ, ಎಮ್ಮೆ ಎಲ್ಲಿ, ಸೊಸೆ ಯಾಕೆ ತವರಿಗೆ ಹೋದಳು ಎಂಬ ಪ್ರಶ್ನೆಗಳೆಲ್ಲ ಮುಗಿದ ಮೇಲೆ ದುರಗಮ್ಮ ತಾನಾಗಿಯೇ ವೆಂಕಮ್ಮನ ಗಂಡನ ಕಡೆ ತಿರುಗಿದಳು. ಅವನು ಕಾಲು ಮಡಚಿಕೊಂಡ.

"ಈ ಕೂಸನ್ನ ಮಾನ್ವಿ ಹಾಸ್ಟೆಲಿಗೆ ಹಾಕು. ಇಲ್ಲಂದ್ರ ನಿನ್ನ ಹೊಸ್ತಿಲಾ ನಾ ತುಳಿಯಂಗಿಲ್ಲ. ಶುಕ್ರವಾರ ಅರ್ಜಿ ಕಡೀ ದಿನ ಅದ."

ಅಪ್ಪ ಗುರುವಾರವೇ ಹೋಗಿ ಅರ್ಜಿ ಕೊಟ್ಟು ಬಂದ.

ಮುಂದೆ ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ, ಕೊನೆಗೆ ವೇದಿಕೆಯ ಮೇಲೆ ಕರ್ಪೂರ ಉರಿಸುವಾಗಲೂ ಶಶಿಕಲಾಳನ್ನು ಕಾಡಿದ್ದು ಆ ಶುಕ್ರವಾರ. ಹೊಳೆದಂಡೆಯ ದುರಗಮ್ಮನಿಗೆ ಸಮಾಜ ಕಲ್ಯಾಣ ಇಲಾಖೆಯ ಅರ್ಜಿಯ ಕೊನೇ ದಿನ ಹೇಗೆ ಗೊತ್ತಾಯಿತು? ದೇವಿ ಸುಳ್ಳಾದರೆ ಅವ್ವ ಊರಿಗೆಲ್ಲ ಮೋಸ ಮಾಡಿದಳು. ದೇವಿ ನಿಜವಾದರೆ ತಾನು ಊರೂರು ತಿರುಗಿ ಹೇಳುತ್ತಿರುವುದೇ ಮೋಸ. ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಪ್ರತಿ ಸಲವೂ ವೆಂಕಮ್ಮ ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದಿದ್ದಳು.

*

ಬಿಸಿಲು ಕಟ್ಟೆಯ ಅಂಚಿಗೆ ಬಂದಾಗ ದಾನೇಶ್ವರಿ ಎರಡನೇ ಸಲ ಆಕಳಿಸಿದಳು. ತಡೆಯಲು ಪ್ರಯತ್ನಿಸಿದ್ದಳು, ಕೆನ್ನೆ ಉಬ್ಬಿತು, ಮೂಗಿನ ಹೊಳ್ಳೆ ಅರಳಿತು, ಕೊನೆಗೆ ಬಾಯಿ ತಾನೇ ಬಿಚ್ಚಿಕೊಂಡಿತು. ಕನಕರಾಯ ಎರಡು ಬೆರಳು ಎತ್ತಿ ತೋರಿಸಿದ. ಹೆಂಗಸೊಬ್ಬಳು ಹುಡುಗಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ದಾನೇಶ್ವರಿ ಪಾದ ಹಿಂದಕ್ಕೆಳೆದುಕೊಂಡು ಅತ್ತೆಯನ್ನು ಹುಡುಕಿ ನೋಡಿದಳು.

ಶಶಿಕಲಾ ಒಳಗೆ ಹೋಗಿ ಖಡಕ್ ಚಹಾ ಮಾಡಿ ತಂದಳು. ಕನಕರಾಯ ಲೋಟವನ್ನು ಮೂಸಿ ನೋಡಿದ. ಹೆಣ ಎತ್ತುವತನಕ ಕೂಸಿನ ಬಾಯಿಗೆ ಏನೂ ಹೋಗಬಾರದೆಂದು ಹೇಳಿ ತಾನೇ ಕುಡಿದ.

ವಿನೋದ ಹೆಂಡತಿಯನ್ನು ಗೋಡೆಯ ಮರೆಗೆ ಕರೆದ. ಫೋನು ಕೈಯಲ್ಲೇ ಇತ್ತು. "ಪೊಲೀಸರಿಗೆ ಹೇಳ್ತೀನಿ. ಇದಕ್ಕ ಕಾಯ್ದೆ ಅದ."

"ಕಾಯ್ದೆ ಮಾನ್ವಿಯಿಂದ ಬರೋ ಹೊತ್ತಿಗೆ ಮೂರನೇದು ಆಗಿರ್ತದ," ಎಂದಳು ಶಶಿಕಲಾ. "ಒಳಗ ಹಾಕೋದು ಯಾರನ್ನ, ನನ್ನ ತಮ್ಮನ್ನ?"

ಅವಳು ತಿರುಗಿ ನೋಡಿದಾಗ ಕನಕರಾಯ ದಾನೇಶ್ವರಿಯ ನೇರ ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಬಾಯಿ ನಿಧಾನವಾಗಿ ತೆರೆಯಿತು, ಸದ್ದಿಲ್ಲದೆ, ಅಗಲವಾಗಿ, ಮತ್ತೆ ನಿಧಾನವಾಗಿ ಮುಚ್ಚಿತು. ಸ್ವಲ್ಪ ತಡೆದು ಮತ್ತೆ ತೆರೆಯಿತು. ಅವನಿಗೂ ನಿದ್ದೆಗೆಟ್ಟಿತ್ತು, ನಿಜ. ಆದರೆ ಕಣ್ಣು ಮಾತ್ರ ಮುಚ್ಚದೆ ಹುಡುಗಿಯ ಬಾಯಿಯ ಮೇಲೇ ಇತ್ತು. ಒಬ್ಬರ ಆಕಳಿಕೆ ಇನ್ನೊಬ್ಬರಿಗೆ ಹತ್ತುತ್ತದೆಂದು ತಿಳಿಯಲು ವಿಜ್ಞಾನದ ಟೀಚರೇ ಆಗಬೇಕಿಲ್ಲ. ದಾನೇಶ್ವರಿಯ ಗಲ್ಲ ನಡುಗಲು ಶುರುವಾಗಿತ್ತು.

ಶಶಿಕಲಾ ಹೋಗಿ ಇಬ್ಬರ ನಡುವೆ ಕೂತಳು, ಹುಡುಗಿಗೆ ಬೆನ್ನು ಮಾಡಿ, ಕಾಕನಿಗೆ ಮುಖ ಮಾಡಿ. ಮತ್ತು ಆಕಳಿಸಿದಳು.

ಅವಳು ಮತ್ತೆ ಆಕಳಿಸಿದಳು. ಮೂರನೆಯದಕ್ಕೆ ಕೂದಲು ಬಿಚ್ಚಿ, ಹಲ್ಲು ಕಡಿದು, ಉಸಿರನ್ನು ಹೊಟ್ಟೆಯಿಂದ ಎಳೆದು ಬಿಟ್ಟಳು. ಮಕ್ಕಳ ಮುಂದೆ ಮಾಡಿ ತೋರಿಸುತ್ತಿದ್ದ ಕ್ರಮದಲ್ಲೇ ಎಲ್ಲ ಬಂತು, ನಡುವೆ ವಿವರಣೆ ಒಂದನ್ನು ಬಿಟ್ಟು. ಹಲಿಗೆಯವನು ತಡಮಾಡದೆ ಬಾರಿಸತೊಡಗಿದ. ಗೋಡೆಯ ಬಳಿ ವಿನೋದ ಫೋನನ್ನು ಜೇಬಿಗೆ ಹಾಕಿಕೊಂಡ.

ಕನಕರಾಯ ಬಗ್ಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಮುಖದಲ್ಲಿ ವಿಚಾರವಾದ ಕಾಣಿಸಿಕೊಂಡಿತು.

"ಕರ್ಪೂರ ತರಲೇನು?" ಎಂದು ಯಾರೋ ಕೇಳಿದರು.

"ಕರ್ಪೂರ ಬ್ಯಾಡ," ಎಂದ ಕನಕರಾಯ. "ಅದನ್ನ ಈಕಿ ಸಾಲ್ಯಾಗ ಉರಿಸಿ ತೋರಸ್ತಾಳ. ಎಲ್ಲಾ ನಾಟಕ ಕಲ್ತಾಳ ಈಕಿ." ಅವನು ಹತ್ತಿರ ಬಗ್ಗಿದ. "ಖರೇ ಅವ್ವ ಆಗಿದ್ರ ಹೇಳು. ಮೊದಲನೇ ಅಮಾಸಿಗೆ ನನಗ ಏನು ಮಾತು ಕೊಟ್ಟಿದ್ದಿ?"

ಶಶಿಕಲಾಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬಳು ಗೋಡೆಗೆ ಆನಿಕೊಂಡು, ಮೂಗಿಗೆ ಹತ್ತಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಹಲಿಗೆ ನಿಂತಿತು. ಪ್ರಶ್ನೆ ಕೇಳದೆ ನಂಬಬೇಡಿ ಎಂದು ಎಷ್ಟು ಶಾಲೆಗಳಲ್ಲಿ ಹೇಳಿದ್ದಳೋ ಶಶಿಕಲಾಳಿಗೇ ನೆನಪಿಲ್ಲ. ಈಗ ಕೇಳುವವನು ಸಿಕ್ಕಿದ್ದ.

"ಕನಕರಾಯಾ," ಎಂದಳು. ದನಿ ದಪ್ಪಗಿತ್ತು. "ವೆಂಕಮ್ಮನ್ನ ಎಂದರ ಹಿಂಗ ಕೇಳಿದ್ದೇನು? ನನ್ನ ಮ್ಯಾಲ ಸಂಶಾ ಇವತ್ತ್ಯಾಕ ಬಂತು ನಿನಗ?"

ಜನ ಕನಕರಾಯನ ಕಡೆ ತಿರುಗಿದರು. ಅವನು ತಟ್ಟೆ ಹಿಡಿದು ನಿಂತ ಮೂವತ್ತು ವರ್ಷವನ್ನೂ ಅವರು ಹೊಸದಾಗಿ ನೋಡುತ್ತಿದ್ದಂತಿತ್ತು. ಕೇಳಿದರೆ ಅಂದಿನದೆಲ್ಲ ಅನುಮಾನಕ್ಕೆ ಬೀಳುತ್ತದೆ, ಕೇಳದಿದ್ದರೆ ಇವತ್ತಿನದನ್ನು ನಂಬಬೇಕು. ಕನಕರಾಯ ಎರಡನ್ನೂ ತೂಗಿ ನೋಡಿದ.

"ಕಾಕಾ," ಎಂದ ಅಯ್ಯಪ್ಪ. ಗಾಲಿ ಬಿಟ್ಟು ಬಂದಿದ್ದ. "ಕಾಲಿಗೆ ಬೀಳು."

ಕನಕರಾಯ ಬಿದ್ದ.

ದೇವಿ ಹೇಳಿದ್ದು ಸ್ವಲ್ಪವೇ, ಅಯ್ಯಪ್ಪನನ್ನು 'ಅಯ್ಯಾ' ಎಂದು ಕೂಗಿ ಕರೆದು. ಕೂಸನ್ನು ದೇವದುರ್ಗಕ್ಕೆ ಕಳಿಸಬೇಕು. ವೆಂಕಮ್ಮನನ್ನು ಈಗಲೇ ಎತ್ತಬೇಕು. ತಾನು ಹೊಳೆಗೆ ಹೋಗುತ್ತಿದ್ದೇನೆ, ಇನ್ನು ಯಾರ ಮೇಲೂ ಬರುವುದಿಲ್ಲ. ಕನಕರಾಯ ನೆಲಕ್ಕೆ ಹಣೆ ಹಚ್ಚಿಕೊಂಡೇ, ಅವಳೊಬ್ಬಳಿಗೆ ಕೇಳುವಷ್ಟು ಮೆತ್ತಗೆ ಕೇಳಿದ:

"ಸಾಲಿಗೆ ಸೇರಸಾಕ ಕಡೀ ದಿನ ಯಾವುದವ್ವಾ?"

"ಸೋಮವಾರ," ಎಂದುಬಿಟ್ಟಳು ಶಶಿಕಲಾ.

ಅವನು ತಲೆಯೆತ್ತಿ ಅವಳ ಕಣ್ಣು ನೋಡಿದ. ಅವಳೂ ನೋಡಿದಳು. ತಟ್ಟೆಯಿಂದ ಒಂದು ಚಿಟಿಕೆ ಭಂಡಾರ ತೆಗೆದು ಅವಳ ಹಣೆಗೆ ಹಚ್ಚಿದ, ಹೆಬ್ಬೆರಳನ್ನು ಒತ್ತಿ, ಬೇಕಾದದ್ದಕ್ಕಿಂತ ಜೋರಾಗಿ.

ಹನ್ನೆರಡರೊಳಗೆ ವೆಂಕಮ್ಮನನ್ನು ಹೊಳೆಯ ಕಡೆಯ ಹೊಲದಲ್ಲಿ ಹೂಳಿದರು. ಹೆಂಗಸರು ಒಂದು ಹಿಡಿ ಮಣ್ಣು ಹಾಕುವಾಗ ಖಾಸಿಂ ಬೀ ಎಲ್ಲರ ಎದುರು ಬಾಯಿ ತುಂಬ ಆಕಳಿಸಿದಳು. ಯಾರೂ ಎಣಿಸಲಿಲ್ಲ. ದಾನೇಶ್ವರಿ ಟಂಟಂನ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು.

ರಾಯಚೂರಿಗೆ ಮರಳುವಾಗ ವಿನೋದ ಗಾಡಿ ಓಡಿಸುತ್ತಿದ್ದ. ಊರು ಹತ್ತಿರ ಬಂದಾಗ, ತಮ್ಮನನ್ನು ಕೂಗಿ ಕರೆಯುವಾಗ 'ಅಯ್ಯಾ' ಎಂದೆಯಲ್ಲ, ಹಾಗೆ ನೀನು ಯಾವತ್ತೂ ಕರೆದದ್ದು ಕೇಳಿಲ್ಲ ಎಂದ. ತಾನು ಹಾಗೆ ಕರೆದದ್ದು ಶಶಿಕಲಾಳಿಗೆ ನೆನಪಿರಲಿಲ್ಲ. ಹಾಗೆ ಕರೆಯುತ್ತಿದ್ದವಳು ಅವ್ವ.

"ಎಲ್ಲಿ ತನಕ ನಾಟಕ ಇತ್ತು, ಶಶಿ?" ಎಂದು ಕೇಳಿದ.

ಅವಳು ಸೆರಗಿನ ತುದಿಗೆ ನೀರು ಹಾಕಿ ಹಣೆ ಒರೆಸಿಕೊಳ್ಳುತ್ತಿದ್ದಳು.

*

ಸೋಮವಾರ ದಾನೇಶ್ವರಿ ದೇವದುರ್ಗದ ಶಾಲೆಗೆ ಸೇರಿದಳು.

ಮುಂದಿನ ಅಮಾವಾಸ್ಯೆಯಂದು ಮೊದಲ ಬಸ್ಸಿಗೆ ಚೀಕಲಪರ್ವಿಯ ಹೆಂಗಸರು ಕಾಯಿ ಹಿಡಿದುಕೊಂಡು ರಾಯಚೂರಿನ ಮನೆಯ ಮುಂದೆ ಬಂದು ಕೂತರು. ಎಲ್ಲರಿಗಿಂತ ಮುಂದೆ ಕನಕರಾಯ, ತಟ್ಟೆಯ ಸಮೇತ. ಅವ್ವ ಯಾರ ಮೇಲೂ ಬರುವುದಿಲ್ಲ ಎಂದಿದ್ದಳಲ್ಲ ಎಂದು ವಿನೋದ ಬಾಗಿಲಲ್ಲಿ ನಿಂತು ಕೇಳಿದ. ಊರಿನವರ ಮೇಲೆ ಬರುವುದಿಲ್ಲ ಎಂದಿದ್ದಳು, ಟೀಚರು ಈಗ ಊರಿನವರಲ್ಲ ಎಂದು ಕನಕರಾಯ ಬಿಡಿಸಿ ಹೇಳಿದ. ಶಶಿಕಲಾ ಹೊರಗೆ ಬರಲಿಲ್ಲ. ವಿನೋದ ಎಲ್ಲರಿಗೂ ಚಹಾ ಕೊಟ್ಟ. ಅವರು ಮಧ್ಯಾಹ್ನದ ಬಸ್ಸಿಗೆ ಹೋದರು. ಕಾಯಿಗಳನ್ನು ಬಿಟ್ಟು ಹೋದರು.