ತಾನೇ ಉರುಳುವ ಚೆಂಡು

ಚೆಂಡು ಒದೆಯುವುದಕ್ಕೂ ಸಂಬಳ ಕೊಡುತ್ತಾರೆ ಅಂದರೆ ಆ ಕಾಲದಲ್ಲಿ ಹಿರಿಯೂರಿನ ಕಡೆ ಯಾರೂ ನಂಬುತ್ತಿರಲಿಲ್ಲ. ನಂಬದಿದ್ದರೆ ಬಿಡಲಿ, ಮಾರಿಕಣಿವೆಯಲ್ಲಿ ಕಟ್ಟೆ ಏಳುತ್ತಿದ್ದಾಗ ಗೊಲ್ಲರಹಟ್ಟಿಯ ಚಿತ್ತಯ್ಯ ಮೂರು ವರ್ಷ ಅದೇ ಸಂಬಳದಲ್ಲಿ ಉಂಡ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕಲ್ಲು ಹೊರುವವನು ಅಂತ ಬರೆದಿತ್ತು. ಅವನು ಒಂದು ಕಲ್ಲನ್ನೂ ಹೊತ್ತವನಲ್ಲ. ಕೆಲಸದ ಮೇಲಿದ್ದ ಎಂಜಿನಿಯರ್ ದೊರೆಗೆ ಚೆಂಡಾಟದ ಹುಚ್ಚು. ಹೊಸದುರ್ಗದವರು, ಹೊಳಲ್ಕೆರೆಯವರು, ದುರ್ಗದವರು ಎಲ್ಲರನ್ನೂ ಕರೆಸಿ ಸೋಲಿಸಿ ಕಳಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಕುರಿ ಹಿಂದೆ ಓಡಿ ಓಡಿ ಪಳಗಿದ ಚಿತ್ತಯ್ಯನ ಕಾಲು ಅವರ ಕಣ್ಣಿಗೆ ಬಿದ್ದಿದ್ದೇ ತಡ, ಇವನ ನಡಿಗೆಯೇ ಬದಲಾಯಿತು. ಹಟ್ಟಿಗೆ ಬಂದರೆ ನೆಲಕ್ಕೇ ಉಪಕಾರ ಮಾಡುವವನ ಹಾಗೆ ಹೆಜ್ಜೆ ಇಡುತ್ತಿದ್ದ.

ನಾಲ್ಕನೇ ವರ್ಷ ದುರ್ಗದವನೊಬ್ಬ ಚೆಂಡು ಅಂದುಕೊಂಡು ಇವನ ಮೊಣಕಾಲು ಒದ್ದ. ನಾಟಿ ವೈದ್ಯ ಮೂರು ತಿಂಗಳು ಪಟ್ಟು ಹಾಕಿ ಕಟ್ಟಿದರೂ ಕಾಲು ನೆಟ್ಟಗಾಗಲಿಲ್ಲ. ಅವನ ಜಾಗಕ್ಕೆ ಬಂದವನು ಅದೇ ಹಟ್ಟಿಯ ಉಗ್ರಪ್ಪ, ಇಪ್ಪತ್ತರ ಪ್ರಾಯದವನು. ಚೆಂಡು ತಡೆಯುವುದನ್ನು ಅವನಿಗೆ ಕಲಿಸಿದ್ದೂ ಚಿತ್ತಯ್ಯನೇ. ಉಗ್ರಪ್ಪ ಕೆಟ್ಟವನೇನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು.

ಕಾಲು ಹೋದರೂ ಚಿತ್ತಯ್ಯನ ಗಂಟಲು ಗಟ್ಟಿಯಾಗೇ ಇತ್ತು. ಅವನು ಕೂಗಿದರೆ ಮೂರು ಗುಡ್ಡದಾಚೆಯ ಕುರಿ ತಲೆ ಎತ್ತುತ್ತಿತ್ತು. ಮೇಸ್ತ್ರಿ ಮುರುಗಪ್ಪನವರು ಅವನನ್ನು ಕಟ್ಟೆ ಪಕ್ಕದ ದಿಬ್ಬದ ಮೇಲೆ ನಿಲ್ಲಿಸಿ, ಮದ್ದಿಟ್ಟು ಕಲ್ಲು ಸಿಡಿಸುವಾಗ ಕೂಗಿ ಎಚ್ಚರಿಸುವ ಕೆಲಸ ಕೊಟ್ಟರು. 'ನೋಡಪ್ಪ' ಅಂದರು, 'ನಿನ್ನ ಮಾತು ನಂಬಿ ಮುನ್ನೂರು ಜನ ಓಡ್ತಾರೆ. ಒಂದು ಸುಳ್ಳು ಕೂಗಿದ್ರೂ ಅವತ್ತೇ ನೀನು ಕುರಿ ಹಿಂದೆ.'

ಇನ್ನೊಂದು ತಾಪತ್ರಯ ಇತ್ತು. ಆಟದ ದಿನ ಕಟ್ಟೆಯ ಆಳುಗಳು ಒಬ್ಬೊಬ್ಬರೇ ದಿಬ್ಬದಾಚೆಯ ಬಯಲಿಗೆ ಜಾರಿಕೊಳ್ಳುತ್ತಿದ್ದರು, ಕಲಸಿದ ಗಾರೆ ಒಣಗಿ ಕೂರುತ್ತಿತ್ತು. ದಿಬ್ಬದ ಮೇಲಿಂದ ಬಯಲೂ ಕಾಣುತ್ತದೆ, ಕಟ್ಟೆಯೂ ಕಾಣುತ್ತದೆ. ಕಟ್ಟೆಯಿಂದ ಬಯಲು ಕಾಣುವುದಿಲ್ಲ. ಮುರುಗಪ್ಪನವರು ಯೋಚಿಸಿ ಒಂದು ಅಪ್ಪಣೆ ಮಾಡಿದರು: 'ಚಿತ್ತಯ್ಯ, ಆಟಾನೂ ನೀನೇ ಕೂಗಿ ಹೇಳು. ಕಿವಿ ನಿನ್ನ ಕಡೆ ಇರ್ಲಿ, ಕೈ ಕೆಲಸದ ಕಡೆ ಇರ್ಲಿ.'

ಅಯ್ಯೋ, ಏನು ಹೇಳಿದನಪ್ಪ ಅವನು. ಹೊಸದುರ್ಗದವರ ಜೊತೆ ಮೊದಲ ಆಟ. ಯಾರ ಕಚ್ಚೆ ಬಿಚ್ಚಿತು, ಯಾರು ಕೆಸರಿಗೆ ಮೂತಿ ಇಟ್ಟರು, ಗೋಲು ಕಾಯುವವನು ಯಾವಾಗ ಸೀನಿದ, ಒಂದನ್ನೂ ಬಿಡಲಿಲ್ಲ. ಹೆಂಗಸರ ಸಾಲಿನಲ್ಲಿ ಗಾರೆಯ ಬಾಣಲಿಗಳು ಅವನ ಮಾತಿನ ಓಟಕ್ಕೇ ಕೈಯಿಂದ ಕೈಗೆ ಓಡಿದವು. ಒದ್ದಾಗ ಸಿಗದ ಸುಖ ಹೇಳುವಾಗ ಸಿಗುತ್ತದಲ್ಲ ಅಂತ ಚಿತ್ತಯ್ಯನಿಗೇ ಆಶ್ಚರ್ಯ ಆಯಿತು.

ಅಷ್ಟರಲ್ಲಿ ಉಗ್ರಪ್ಪನ ಕಾಲಿಗೆ ಚೆಂಡು ಸಿಕ್ಕಿತು. ಒಬ್ಬನನ್ನು ದಾಟಿದ, ಇನ್ನಿಬ್ಬರನ್ನು ದಾಟಿದ, ಎಡಗಾಲಲ್ಲಿ ಹೊಡೆದ. ಗೋಲು. ಚಿತ್ತಯ್ಯನ ಬಾಯಿ ತೆರೆಯಿತು, ಹೆಸರು ಮಾತ್ರ ಹೊರಗೆ ಬರಲಿಲ್ಲ. ಹೊಟ್ಟೆಕಿಚ್ಚು ಗಂಟಲಿಗೆ ಅಡ್ಡ ಕೂತಿತ್ತು.

'ಯಾರು ಹೊಡೆದ್ರಪ್ಪ?' ಅಂತ ಕಟ್ಟೆಯಿಂದ ಕೂಗು ಬಂತು.

'ಚೆಂಡು...' ಅಂದ ಚಿತ್ತಯ್ಯ. 'ಚೆಂಡು ತಾನೇ ಉರುಳ್ಕಂಡು ಒಳಗೆ ಹೋಯ್ತು.'

ಜನ ಒಂದು ಗಳಿಗೆ ಯೋಚನೆ ಮಾಡಿದರು. 'ಇಳಿಜಾರು ಇರ್ಬೇಕು' ಅಂದ ಗಾರೆ ಕೆಲಸದ ಹಾಲಸ್ವಾಮಿ, ಎಲ್ಲ ಬಲ್ಲವನು. ಆದರೆ ಬದಿ ಬದಲಾಯಿಸಿ ಆಡಿದಾಗಲೂ ಚೆಂಡು ತಾನೇ ಹೋಯಿತು, ಈ ಸಲ ಏರಿನ ಕಡೆಗೆ. ಹದಿನೈದು ದಿನ ಬಿಟ್ಟು ಹೊಳಲ್ಕೆರೆಯವರು ಬಂದರು. ಅವತ್ತು ಮೂರು ಗೋಲು, ಮೂರಕ್ಕೂ ಚೆಂಡು ಯಾರ ಹಂಗೂ ಇಲ್ಲದೆ ನಡೆದುಹೋಯಿತು. ಹಾಲಸ್ವಾಮಿ ಕರಣಿ ಕೆಳಗಿಟ್ಟು ಕೈಮುಗಿದ. ಚೆಂಡಿನಲ್ಲಿ ಶಕ್ತಿ ಐತೆ ಅಂತ ತೀರ್ಮಾನವಾಯಿತು. ಮಾರನೇ ದಿನದಿಂದ ಹೆಂಗಸರು ದೊರೆಯ ಬಂಗಲೆಯ ಆಳಿಗೆ ಎಲೆಯಡಿಕೆ ಕೊಟ್ಟು, ಚೆಂಡಿಗೆ ಅರಿಶಿನ ಹಚ್ಚಿ ಹೋಗತೊಡಗಿದರು. ತನ್ನ ಚೆಂಡು ದಿನ ಬೆಳಗಾದರೆ ಯಾಕೆ ಹಳದಿಯಾಗುತ್ತದೆ ಅಂತ ದೊರೆಗೆ ಕೊನೆವರೆಗೂ ತಿಳಿಯಲಿಲ್ಲ.

ಉಗ್ರಪ್ಪನ ತಾಯಿ ಹುಚ್ಚಕ್ಕನೂ ಆ ಬಾಣಲಿ ಸಾಲಿನಲ್ಲೇ ದುಡಿಯುತ್ತಿದ್ದಳು. ಗೋಲು ಹೊಡೆದವನು ನಾನು ಕಣವ್ವ ಅಂತ ಮಗ ಒಂದು ಸಲ ಹೇಳಿ ನೋಡಿದ. 'ದೇವ್ರು ಮಾಡಿದ್ದನ್ನ ನಾನು ಮಾಡ್ದೆ ಅನ್ಬೇಡ ಕಣೋ' ಅಂತ ಗದರಿದಳು. 'ಮುನ್ನೂರು ಜನ ಜೀವ ಒಪ್ಪಿಸಿರೋ ಬಾಯಿ ಸುಳ್ಳು ಹೇಳ್ತೈತೇನು?' ಮಗ ಮೊದಲೇ ಸಂಕೋಚದವನು, ಆಮೇಲೆ ಆ ಮಾತೇ ಎತ್ತಲಿಲ್ಲ.

ದುರ್ಗದವರು ಬರುವ ದಿನ ಬೆಳಗ್ಗೆ ಚಿತ್ತಯ್ಯ ಕುಂಟುತ್ತಾ ದಿಬ್ಬ ಹತ್ತುತ್ತಿದ್ದ. ಕೆಳಗೆ, ಬಂಗಲೆಯ ಆಳಿನಿಂದ ಇಸ್ಕೊಂಡು ತಂದ ಚೆಂಡನ್ನು ಕಲ್ಲಿನ ಮೇಲೆ ಇಟ್ಟುಕೊಂಡು ಹುಚ್ಚಕ್ಕ ಕೂತಿದ್ದಳು. ಇವನನ್ನು ನೋಡಲಿಲ್ಲ.

'ತಾಯಿ' ಅನ್ನುತ್ತಿದ್ದಳು ಚೆಂಡಿಗೆ, 'ನಿನ್ನ ಆಟದಾಗೆ ಸೀನಿದೋನ ಹೆಸ್ರೂ ಕೇಳಿಸ್ತೈತೆ, ಬಿದ್ದೋನ ಹೆಸ್ರೂ ಕೇಳಿಸ್ತೈತೆ. ನನ್ನ ಮಗಂದು ಮಾತ್ರ ಇಲ್ಲ. ಸಂಬಳ ತಗಂಡು ಸುಮ್ನೆ ಓಡಾಡ್ತಾನೆ ಅಂತ ಎಲ್ಲಾರೂ ನಗ್ತಾರೆ. ಇವತ್ತು ಒಂದೇ ಒಂದ್ಸಲ ಅವನ ಕಾಲಿಗೆ ಬಾರವ್ವ.' ಒಂದು ಕಣಗಿಲೆ ಹೂವು ಇಟ್ಟು, ಸೆರಗಲ್ಲಿ ಮೂಗು ಒರೆಸಿಕೊಂಡು ಕೆಲಸಕ್ಕೆ ಎದ್ದಳು.

ಚಿತ್ತಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಥೂ ನನ್ನ ಜನ್ಮಕ್ಕೆ ಅಂದುಕೊಂಡ. ಇವತ್ತು ಉಗ್ರಪ್ಪ ಹೊಡೆಯಲಿ, ಹಿರಿಯೂರಿಗೆ ಕೇಳುವ ಹಾಗೆ ಹೆಸರು ಕೂಗುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿದ.

ಆದರೆ ದುರ್ಗದವರು ಇಬ್ಬರು ಗಟ್ಟಿಗರನ್ನು ಉಗ್ರಪ್ಪನಿಗೆ ಅಂಟಿಸಿಬಿಟ್ಟಿದ್ದರು. ಅವನಿಗೆ ಚೆಂಡು ಸಿಗಲೇ ಇಲ್ಲ. ಅರ್ಧ ಆಟ ಕಳೆಯುವಷ್ಟರಲ್ಲಿ ದುರ್ಗದವರು ಒಂದು ಗೋಲು ಹೊಡೆದರು. ಚಿತ್ತಯ್ಯ ಇದ್ದದ್ದನ್ನು ಇದ್ದ ಹಾಗೇ ಕೂಗಿದ.

ಕಟ್ಟೆಯ ಮೇಲೆ ಗೊಣಗಾಟ ಎದ್ದಿತು. 'ಯಾಕೆ ಉರುಳವಲ್ದು ಚೆಂಡು?' ಅಂದರು. ಹಾಲಸ್ವಾಮಿ ಗಡ್ಡ ಕೆರೆದುಕೊಂಡ. 'ಮುನಿಸ್ಕಂಡೈತೆ. ಇವತ್ತು ಬೆಳಗ್ಗೆ ಅದನ್ನ ಯಾರು ಮುಟ್ಟಿದ್ರು?'

ಮುನ್ನೂರು ಜನರ ಕಣ್ಣು ಹುಚ್ಚಕ್ಕನ ಕಡೆ ತಿರುಗಿದವು. ಅವಳು ಬಾಣಲಿ ಎದೆಗೆ ಅವುಚಿಕೊಂಡು ತಲೆ ತಗ್ಗಿಸಿದಳು. ದಿಬ್ಬದ ಮೇಲಿಂದ ಚಿತ್ತಯ್ಯನಿಗೆ ಅದು ಚೆನ್ನಾಗಿ ಕಂಡಿತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಅದೂ ಗೊತ್ತಿತ್ತು.

'ಕೇಳ್ರಪ್ಪೋ' ಅಂತ ಕೂಗಿದ. 'ಚೆಂಡಿನಾಗೆ ಯಾವ ಶಕ್ತೀನೂ ಇಲ್ಲ. ಅದು ಬರೀ ತೊಗಲು, ಗಾಳಿ. ಹೊಸದುರ್ಗದವರ ಮೇಲೆ ಎರಡು ಗೋಲು, ಹೊಳಲ್ಕೆರೆಯವರ ಮೇಲೆ ಮೂರು, ಐದೂ ಉಗ್ರಪ್ಪಂದೇ. ನನ್ನ ಜಾಗ ಹೋಯ್ತಲ್ಲ ಅಂತ ಹೊಟ್ಟೆ ಉರೀತಿತ್ತು, ಹೇಳ್ಳಿಲ್ಲ. ಸುಳ್ಳು ಕೂಗಿದ್ದು ನಾನು.'

ಬಾಣಲಿಗಳು ನಿಂತವು. ಮೇಸ್ತ್ರಿ ಮುರುಗಪ್ಪನವರು ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತಾ ದಿಬ್ಬ ಹತ್ತಿ ಬಂದರು. 'ನಾನು ಮೊದ್ಲೇ ಹೇಳಿದ್ದೆ' ಅಂದರು. 'ಇಳಿ ಕೆಳಗೆ. ಹೋಗು ಕುರಿ ಹಿಂದೆ.' ಚಿತ್ತಯ್ಯ ತಕರಾರು ಮಾಡದೆ ಕಂಬಳಿ ಹೆಗಲಿಗೆ ಹಾಕಿಕೊಂಡ.

'ಸ್ವಾಮಿ' ಅಂತ ಕಟ್ಟೆಯಿಂದ ಹುಚ್ಚಕ್ಕನ ಕೂಗು ಬಂತು. ಅವಳದೂ ಹಟ್ಟಿಯ ಗಂಟಲೇ. 'ಕಳಿಸೋದಾದ್ರೆ ಆಮೇಲೆ ಕಳಿಸ್ರಿ. ಮೊದ್ಲು ಆ ಗೋಲುಗಳನ್ನ ಸರಿಯಾಗಿ ಹೇಳಿ ಹೋಗ್ಲಿ.'

'ಐದನ್ನೂ ಹೇಳ್ಲಿ' ಅಂದಿತು ಹೆಂಗಸರ ಸಾಲು. ಹಾಲಸ್ವಾಮಿಯೂ ದನಿಗೂಡಿಸಿದ. ಮುರುಗಪ್ಪನವರು ಒಣಗುತ್ತಿದ್ದ ಗಾರೆಯನ್ನು ನೋಡಿದರು, ನಿಂತ ಕೈಗಳನ್ನು ನೋಡಿದರು. 'ಹೇಳಿ ಸಾಯಿ' ಅಂತ ಅಲ್ಲೇ ಕಲ್ಲಿನ ಮೇಲೆ ಕೂತರು.

ಚಿತ್ತಯ್ಯ ಬಯಲಿಗೆ ಬೆನ್ನು ಹಾಕಿ ಕಟ್ಟೆಯ ಕಡೆ ತಿರುಗಿದ. ಬೆನ್ನ ಹಿಂದೆ ದುರ್ಗದವರು ಎರಡನೇ ಗೋಲು ಹೊಡೆದು ಕೇಕೆ ಹಾಕುತ್ತಿದ್ದರು. ಅದು ಯಾರಿಗೂ ಬೇಕಿರಲಿಲ್ಲ.

'ಹೊಸದುರ್ಗದವರ ಆಟ, ಮೊದಲನೇ ಗೋಲು' ಅಂತ ಶುರು ಮಾಡಿದ. 'ಬಲಗಡೆಯಿಂದ ಚೆಂಡು ಬಂತು. ಯಾರ ಕಾಲಿಗೆ ಬಂತು? ಹುಚ್ಚಕ್ಕನ ಮಗ ಉಗ್ರಪ್ಪನ ಕಾಲಿಗೆ ಬಂತು.' ಹುಚ್ಚಕ್ಕ ಕೈ ಎತ್ತಿ ತಡೆದಳು.

'ಹೆಸ್ರು ಇನ್ನೊಂದ್ಸಲ ಹೇಳಪ್ಪ' ಅಂದಳು. 'ಗಾಳಿ ಜಾಸ್ತಿ ಐತೆ.'

ಅವತ್ತು ಕಣಿವೆಯಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಚಿತ್ತಯ್ಯ ಇನ್ನೊಂದು ಸಲ ಹೇಳಿದ.